ಓಡಿ ಗಳಿಸಿದ ರನ್ನುಗಳು

ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ಊರಲ್ಲೂ ಇದ್ದಾರೆ. ಗೆದ್ದದ್ದು ಹೇಗೆ ಗೆದ್ದಿತು ಎಂದು ಬಿಡಿಸಿ ಹೇಳುವವರು ಮಾತ್ರ ಎಲ್ಲ ಕಡೆ ಸಿಗುವುದಿಲ್ಲ. ಈ ಮಾತಿನಲ್ಲಿ ನಮ್ಮ ಮೋಟೆಬೆನ್ನೂರಿಗೆ ಬಡತನವಿಲ್ಲ. ದೀಪಾವಳಿ ಬಂತೆಂದರೆ ನಮ್ಮ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಕೊಬ್ಬರಿ ಸರ ಕಟ್ಟಿಸಿಕೊಂಡ ಹೋರಿ ಮಂದಿಯ ನಡುವೆ ನುಗ್ಗಿ ಓಡುತ್ತದೆ. ಅದನ್ನು ಹಿಡಿದು ಕೊಬ್ಬರಿ ಹರಿಯಲು ಹುಡುಗರು ಮೇಲೆ ಬೀಳುತ್ತಾರೆ. ಮುಗಿದ ಮೇಲೆ ಕಟ್ಟೆಯ ಮೇಲೆ ಕೂತವರ ಮಾತನ್ನು ನೀವು ಕೇಳಬೇಕು. ಯಾವ ಹೋರಿ ಎಲ್ಲಿ ಮಗ್ಗುಲು ಬದಲಿಸಿತು, ಎಲ್ಲಿ ವೇಗ ಉಳಿಸಿಕೊಂಡಿತು, ಹಿಡಿಯಲು ಬಂದವನು ಎಲ್ಲಿ ತಪ್ಪಿದ ಎಂದು ಒಂದೊಂದನ್ನೂ ಎಣಿಸಿ ಹೇಳುತ್ತಾರೆ. ಸೋತ ಹೋರಿಯ ಗುಣವನ್ನೂ ಮುಚ್ಚಿಡುವುದಿಲ್ಲ. ವಿಮರ್ಶೆ ಎಂದರೆ ಇದೇ ಅಲ್ಲವೆ?

ಅದೇ ಮಂದಿ 2025ರ ಅಕ್ಟೋಬರ್ 30ರ ಗೆಲುವಿನ ಬಗ್ಗೆ ಆಡಿದ ಮಾತು ಕೇಳಿ ನನಗೆ ಆಶ್ಚರ್ಯವಾಯಿತು. ಆ ದಿನ ನವಿ ಮುಂಬೈಯಲ್ಲಿ ಮಹಿಳೆಯರ ವಿಶ್ವಕಪ್ಪಿನ ಸೆಮಿಫೈನಲ್ಲಿನಲ್ಲಿ ನಮ್ಮವರು ಆಸ್ಟ್ರೇಲಿಯವನ್ನು ಸೋಲಿಸಿದರು. ಆಸ್ಟ್ರೇಲಿಯ 338 ರನ್ನು ಮಾಡಿ ಎಲ್ಲರೂ ಔಟಾದರು. ನಮ್ಮವರು ಒಂಬತ್ತು ಎಸೆತ ಇನ್ನೂ ಬಾಕಿ ಇರುವಾಗ ಐದು ವಿಕೆಟ್ಟಿಗೆ 341 ಮಾಡಿ ಗೆದ್ದರು. ಮಹಿಳೆಯರ ಒಂದು ದಿನದ ಆಟದಲ್ಲಿ ಇಷ್ಟು ದೊಡ್ಡ ಮೊತ್ತವನ್ನು ಬೆನ್ನಟ್ಟಿ ಗೆದ್ದವರು ಅದುವರೆಗೆ ಯಾರೂ ಇರಲಿಲ್ಲ. ಮಾರನೆಯ ದಿನ ಎಲ್ಲೆಲ್ಲೂ ಇದೇ ಮಾತು. ಆದರೆ ಏನು ಮಾತು? "ಪಾಪ, ಆ ಹುಡುಗಿ ಅತ್ತು ಅತ್ತು ಗೆದ್ದಳು ನೋಡ್ರಿ" ಎಂದರು ಒಬ್ಬರು. "ಸೇಡು ತೀರಿಸಿಕೊಂಡ್ರು ಬಿಡ್ರಿ" ಎಂದರು ಇನ್ನೊಬ್ಬರು. "ಹೆಣ್ಮಕ್ಕಳಾಗಿ ಇಷ್ಟು ಮಾಡಿದ್ರಲ್ಲ, ದೊಡ್ಡದು" ಎಂದರು ಮತ್ತೊಬ್ಬರು. ಮೂರೂ ಹೊಗಳಿಕೆಯೇ. ಆದರೆ ಮೂರರಲ್ಲಿ ಒಂದರಲ್ಲೂ ಆಟವಿಲ್ಲ.

ಆಟದಲ್ಲಿ ಏನಿತ್ತು ಎಂಬುದನ್ನು ಈಗ ನೋಡೋಣ. ಜೆಮಿಮಾ ರೊಡ್ರಿಗಸ್ 134 ಎಸೆತಗಳಲ್ಲಿ ಔಟಾಗದೆ 127 ರನ್ನು ಮಾಡಿದಳು. ಅದರಲ್ಲಿ 14 ಬೌಂಡರಿ. ಸಿಕ್ಸರು ಒಂದೂ ಇಲ್ಲ. ಬೌಂಡರಿಯಿಂದ ಬಂದದ್ದು 56 ಎಂದಾದರೆ ಉಳಿದ 71 ರನ್ನನ್ನು ಅವಳು ಓಡಿಯೇ ಗಳಿಸಿದಳು. ಜೊತೆಗಾರ್ತಿಯರು ಓಡಿ ಮಾಡಿದ ರನ್ನಿಗೂ ಅವಳು ಅಷ್ಟೇ ಓಡಬೇಕು, ಅದನ್ನು ಯಾವ ಲೆಕ್ಕದ ಪುಸ್ತಕವೂ ಅವಳ ಹೆಸರಿಗೆ ಬರೆಯುವುದಿಲ್ಲ. ಅದಕ್ಕೂ ಮುಂಚೆ ಮಧ್ಯಾಹ್ನವೆಲ್ಲ 50 ಓವರು ಮೈದಾನದಲ್ಲಿ ಚೆಂಡಿನ ಹಿಂದೆ ಓಡಿದ ಕಾಲುಗಳು ಅವು.

ನಮ್ಮ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನು ಕಂಡವರಿಗೆ ಈ 71 ರನ್ನು ಬೇಗ ಅರ್ಥವಾದೀತು. ಒಂದು ಕಾಯಿ, ಒಂದು ತೊಟ್ಟು. ಯಾವುದೂ ನೋಡುವಂಥ ಕೆಲಸವಲ್ಲ. ಸಂಜೆಗೆ ಚೀಲ ತುಂಬಿದಾಗ ಮಾತ್ರ ಎಷ್ಟು ಕೈಚಳಕ ಅದರಲ್ಲಿ ಹೋಯಿತು ಎಂದು ತಿಳಿಯುತ್ತದೆ. ಜೆಮಿಮಾಳ ಆಟ ಹಾಗಿತ್ತು. ಚೆಂಡನ್ನು ಜೋರಾಗಿ ಬಾರಿಸುವುದಕ್ಕಿಂತ ಯಾರೂ ನಿಲ್ಲದ ಜಾಗಕ್ಕೆ ತಳ್ಳುವುದರ ಕಡೆಗೆ ಅವಳ ಗಮನ. ತಂಡ 59 ರನ್ನು ಮಾಡುವಷ್ಟರಲ್ಲಿ ಶೆಫಾಲಿ ವರ್ಮಾ, ಸ್ಮೃತಿ ಮಂಧಾನ ಇಬ್ಬರೂ ಹೋಗಿದ್ದರು. ನಾಯಕಿ ಹರ್ಮನ್‌ಪ್ರೀತ್ ಕೌರ್ 89 ರನ್ನು ಮಾಡಿದಳು. ಮೂರನೆಯ ವಿಕೆಟ್ಟಿಗೆ ಇಬ್ಬರೂ ಸೇರಿ 167 ಕೂಡಿಸಿದರು. ಇದೇ ಹರ್ಮನ್‌ಪ್ರೀತ್ 2017ರ ಸೆಮಿಫೈನಲ್ಲಿನಲ್ಲಿ ಇದೇ ಆಸ್ಟ್ರೇಲಿಯದ ಮೇಲೆ 115 ಎಸೆತಗಳಲ್ಲಿ ಔಟಾಗದೆ 171 ಮಾಡಿದ್ದಳು. ಅದು ಗುಡುಗು ಸಿಡಿಲಿನ ಮಳೆ. ಇದು ಹಗಲೆಲ್ಲ ಬಿಡದೆ ಹಿಡಿದ ಜಿಟಿಜಿಟಿ ಮಳೆ. ಹೊಲಕ್ಕೆ ಯಾವುದು ಹೆಚ್ಚು ಇಳಿಯುತ್ತದೆ ಎಂದು ನಮ್ಮ ಕಡೆಯ ರೈತರನ್ನು ಕೇಳಿ.

ಆ ರಾತ್ರಿ ನಮ್ಮ ಮನೆಯಲ್ಲಿ ರೊಟ್ಟಿಯ ತವೆ ಇಳಿದು ಎಷ್ಟೋ ಹೊತ್ತಾಗಿತ್ತು. ಹೆಣ್ಣುಮಕ್ಕಳ ಆಟವೆಂದರೆ ಏನು ನೋಡುವುದಿದೆ ಎನ್ನುತ್ತಿದ್ದ ಮೈದುನ ತಾಟು ಕೈಯಲ್ಲಿ ಹಿಡಿದೇ ಟೀವಿಯ ಮುಂದೆ ನಿಂತಿದ್ದ. ಜೆಮಿಮಾಳ ನೂರು ಪೂರ್ತಿಯಾಯಿತು. ಅವಳು ಬ್ಯಾಟು ಎತ್ತಿ ಕುಣಿಯಲಿಲ್ಲ. ನಮ್ಮ ಅತ್ತೆಗೆ ಆಟ ಅಷ್ಟಾಗಿ ತಿಳಿಯದು, ಆದರೆ ಮುಖ ಓದಲು ಬರುತ್ತದೆ.

"ನೂರು ಮುಗದುವಲ್ಲ, ಈ ಹುಡುಗಿ ಯಾಕ ನಗವಲ್ಲಳು?" ಎಂದರು.

"ಇನ್ನ ಕೆಲಸ ಉಳದೈತ್ರಿ ಅತ್ತಿ" ಎಂದೆ.

"ಹಂಗಾದ್ರ ಮನಿ ನಡಸೋ ಹೆಣ್ಮಗಳ ಬಿಡು" ಎಂದರು.

ಮರುದಿನದ ಎಲ್ಲ ಹೊಗಳಿಕೆಗಿಂತ ನನಗೆ ಈ ಮಾತು ಹೆಚ್ಚು ಹಿಡಿಸಿತು. ಅತ್ತೆ ಅವಳ ಕಣ್ಣೀರನ್ನು ಕಾಣಲಿಲ್ಲ, ಕೆಲಸವನ್ನು ಕಂಡರು.

ಕಣ್ಣೀರು ಸುಳ್ಳಲ್ಲ. ಆ ಟೂರ್ನಿಯ ದಿನಗಳಲ್ಲಿ ಮನಸ್ಸಿನ ತಳಮಳದಿಂದ ತಾನು ಬಹಳ ಅತ್ತಿದ್ದೆನೆಂದು ಜೆಮಿಮಾ ತಾನೇ ಎಲ್ಲರ ಮುಂದೆ ಹೇಳಿದಳು. ಹಾಗೆ ಹೇಳಲು ಧೈರ್ಯ ಬೇಕು, ಅದಕ್ಕೆ ಅವಳನ್ನು ಮೆಚ್ಚಬೇಕು. ಎರಡು ಆಟಗಳಲ್ಲಿ ಸೊನ್ನೆಗೆ ಔಟಾಗಿದ್ದಳು. ಇಂಗ್ಲೆಂಡಿನ ವಿರುದ್ಧದ ಆಟಕ್ಕೆ ಅವಳನ್ನು ಕೈಬಿಟ್ಟಿದ್ದರು. ಸೆಮಿಫೈನಲ್ಲಿನ ದಿನ ಮೂರನೆಯವಳಾಗಿ ಇಳಿಯಬೇಕೆಂದು ತಿಳಿದದ್ದು ಕೇವಲ ಐದು ನಿಮಿಷ ಮೊದಲು. ಇಷ್ಟೆಲ್ಲ ನಿಜ. ಆದರೆ ಅತ್ತದ್ದರಿಂದ ಅವಳು ಗೆಲ್ಲಲಿಲ್ಲ. ಅತ್ತವರೆಲ್ಲ 127 ಮಾಡುವಂತಿದ್ದರೆ ನಮ್ಮಲ್ಲಿ ಎಷ್ಟು ಮನೆಗಳ ಅಡಿಗೆಕೋಣೆಯಿಂದ ವಿಶ್ವಕಪ್ಪು ಬರಬೇಕಾಗಿತ್ತು! ಗಂಡಸು ಗೆದ್ದರೆ ಅವನ ಕೈಚಳಕ, ಹೆಣ್ಣು ಗೆದ್ದರೆ ಅವಳ ಕಣ್ಣೀರು. ಈ ಹಂಚಿಕೆಯನ್ನು ನಾವು ಎಲ್ಲಿಂದ ತಂದೆವೊ ಕಾಣೆ.

ನಿಜವಾಗಿ ಮೆಚ್ಚುವವರು ಹುಳುಕನ್ನೂ ಹೇಳಬೇಕು. 82ರಲ್ಲಿದ್ದಾಗ ಜೆಮಿಮಾ ಮೇಲಕ್ಕೆ ಹೊಡೆದ ಚೆಂಡನ್ನು ಆಸ್ಟ್ರೇಲಿಯದ ನಾಯಕಿ ಅಲಿಸಾ ಹೀಲಿ ಕೈಚೆಲ್ಲಿದಳು. 106ರಲ್ಲಿ ಇನ್ನೊಂದು ಕ್ಯಾಚು ನೆಲಕ್ಕೆ ಬಿತ್ತು. ಅವೆರಡರಲ್ಲಿ ಒಂದು ಕೈಯಲ್ಲಿ ಉಳಿದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. 338 ರನ್ನು ಬಿಟ್ಟುಕೊಟ್ಟ ನಮ್ಮ ಬೌಲಿಂಗು ಒಟ್ಟಿನಲ್ಲಿ ಚೆನ್ನಾಗಿತ್ತೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಅದೇ ಸುಗ್ಗಿಯಲ್ಲಿ ಆಂಧ್ರದ ಶ್ರೀ ಚರಣಿ ಹತ್ತು ಓವರುಗಳಲ್ಲಿ 49 ಮಾತ್ರ ಕೊಟ್ಟು ಎರಡು ವಿಕೆಟ್ಟು ತೆಗೆದಳು. ಉಳಿದವರನ್ನು ಬಾರಿಸಿದ ಹಾಗೆ ಅವಳನ್ನು ಬಾರಿಸಿದ್ದರೆ ಬೆನ್ನಟ್ಟಬೇಕಾದ ಬೆಟ್ಟ ಇನ್ನಷ್ಟು ಎತ್ತರವಾಗುತ್ತಿತ್ತು. ಅವಳ ಹೆಸರನ್ನು ಕಟ್ಟೆಯ ಮೇಲೆ ಯಾರೂ ಎತ್ತಲಿಲ್ಲ, ಅವಳು ಅತ್ತಿರಲಿಲ್ಲವಲ್ಲ.

ಇನ್ನು ಸೇಡಿನ ಮಾತು. ಆಸ್ಟ್ರೇಲಿಯ ಏಳು ಸಲ ವಿಶ್ವಕಪ್ಪು ಗೆದ್ದ ತಂಡ. ಸೆಮಿಫೈನಲ್ಲಿಗೆ 18 ದಿನ ಮುಂಚೆ, ಅಕ್ಟೋಬರ್ 12ರಂದು ವಿಶಾಖಪಟ್ಟಣದಲ್ಲಿ ನಮ್ಮ 330 ರನ್ನನ್ನು ಬೆನ್ನಟ್ಟಿ ಗೆದ್ದು ದಾಖಲೆ ಮಾಡಿದವರು ಅವರೇ. ಆ ದಿನ ಹೀಲಿ ಹೊಡೆದದ್ದು 142. ಅಂದರೆ ಇಂಥ ಮೊತ್ತವನ್ನೂ ಬೆನ್ನಟ್ಟಿ ಗೆಲ್ಲಬಹುದೆಂದು ನಮ್ಮವರಿಗೆ ತೋರಿಸಿಕೊಟ್ಟದ್ದು ಈ ವೈರಿಗಳೇ! ಸೆಮಿಫೈನಲ್ಲಿನಲ್ಲಿಯೂ ಫೀಬಿ ಲಿಚ್‌ಫೀಲ್ಡ್ 93 ಎಸೆತಗಳಲ್ಲಿ 119 ಹೊಡೆದಳು. ಎಲಿಸ್ ಪೆರ್ರಿಯ ಜೊತೆ ಅವಳು ಕೂಡಿಸಿದ 155 ರನ್ನು ನೋಡುವಾಗ ನಾನು ಮನಸ್ಸಿನಲ್ಲೇ ಶಾಪ ಹಾಕುತ್ತ, ಮನಸ್ಸಿನಲ್ಲೇ ಶಹಬಾಸ್ ಎನ್ನುತ್ತ ಕೂತಿದ್ದೆ. ಎದುರಾಳಿಯನ್ನು ಸಣ್ಣದು ಮಾಡಿದರೆ ಗೆಲುವೂ ಅಷ್ಟೇ ಸಣ್ಣದಾಗುತ್ತದೆ.

ಈ ಸೆಮಿಫೈನಲ್ಲು ಬೆಂಗಳೂರಿನಲ್ಲೇ ಆಗಬೇಕಿತ್ತು ಎಂಬುದನ್ನು ನಾವು ಮರೆಯಬಾರದು. ಮೊದಲ ವೇಳಾಪಟ್ಟಿಯಲ್ಲಿ ಅಕ್ಟೋಬರ್ 30ರ ಆಟ ಚಿನ್ನಸ್ವಾಮಿ ಮೈದಾನದ್ದು. ಆದರೆ ಜೂನ್ 3ರಂದು ಬೆಂಗಳೂರಿನ ಗಂಡಸರ ತಂಡ 18ನೆಯ ಐಪಿಎಲ್ಲಿನಲ್ಲಿ ಮೊದಲ ಸಲ ಗೆದ್ದಿತು. ಮರುದಿನದ ವಿಜಯೋತ್ಸವದಲ್ಲಿ ಆ ಮೈದಾನದ ಹೊರಗೆ ನೂಕುನುಗ್ಗಲಾಗಿ 11 ಜನ ಸತ್ತರು. ಆಟ ನೋಡಲೆಂದು, ಕುಣಿಯಲೆಂದು ಮನೆಯಿಂದ ಹೊರಟ ಮಕ್ಕಳು ತಿರುಗಿ ಬರಲಿಲ್ಲ. ಆಗಸ್ಟಿನಲ್ಲಿ ವಿಶ್ವಕಪ್ಪಿನ ಆಟಗಳು ನವಿ ಮುಂಬೈಗೆ ಹೋದವು. ಗೆಲುವನ್ನು ಅರಗಿಸಿಕೊಳ್ಳುವುದೂ ಕಲಿಯಬೇಕಾದ ವಿದ್ಯೆ. ನೂರಾದರೂ ಕೆಲಸ ಮುಗಿಯುವ ತನಕ ಬ್ಯಾಟು ಎತ್ತದ ಹುಡುಗಿಯ ಸಂಯಮ ನೋಡುವ ನಮಗೂ ಬೇಕಾಗಿದೆ. ಅಂಥ ಆಟವನ್ನು ನಮ್ಮ ರಾಜಧಾನಿ ಕಣ್ಣಾರೆ ಕಾಣಲಿಲ್ಲವೆಂಬುದು ನನಗೆ ಇವತ್ತಿಗೂ ಕಸಿವಿಸಿ.

ಮಹಿಳೆಯರ ಕ್ರಿಕೆಟ್ಟು ಕನ್ನಡ ನಾಡಿಗೆ ಹೊಸದೇನಲ್ಲ. 1976ರಲ್ಲಿ ಪಾಟ್ನಾದಲ್ಲಿ ವೆಸ್ಟ್ ಇಂಡೀಸನ್ನು ಸೋಲಿಸಿ ಭಾರತದ ಮಹಿಳೆಯರು ಮೊದಲ ಟೆಸ್ಟು ಗೆದ್ದಾಗ ನಾಯಕಿಯಾಗಿದ್ದವರು ಬೆಂಗಳೂರಿನ ಶಾಂತಾ ರಂಗಸ್ವಾಮಿ. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಐದು ವಿಕೆಟ್ಟನ್ನು ಬರೀ 15 ರನ್ನಿಗೆ ತೆಗೆದವಳು ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ. ಅವಳು ಅಂದು ಚೆಂಡು ಹೇಗೆ ಹಾಕಿದಳು ಎಂದು ನಮ್ಮಲ್ಲಿ ಎಷ್ಟು ಜನ ಕೂತು ಮಾತಾಡಿದ್ದೇವೆ?

ನವೆಂಬರ್ 2ರಂದು ನಮ್ಮವರು ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ಮೊದಲ ಸಲ ವಿಶ್ವಕಪ್ಪು ತಂದರು. ಆಮೇಲೆ ಒಂದು ಸಂಜೆ ನಮ್ಮ ಓಣಿಯ ಒಬ್ಬ ಹುಡುಗಿ, ಏಳನೆಯ ಇಯತ್ತೆಯವಳು, ಬಟ್ಟೆ ಒಗೆಯುವ ಕೋಲು ಹಿಡಿದು ಒಣಗಲು ಹರವಿದ ಗೋವಿನಜೋಳದ ಪಕ್ಕದಲ್ಲಿ ಆಡುತ್ತಿದ್ದಳು. "ಸಿಕ್ಸರ್ ಹೊಡೀದ ನೂರಾ ಇಪ್ಪತ್ತೇಳು ಹೆಂಗ್ ಮಾಡಿದ್ಳ್ರಿ ಅಕ್ಕಾರ?" ಎಂದು ನನ್ನನ್ನು ಕೇಳಿದಳು. ಕಟ್ಟೆಯ ಮೇಲೆ ಯಾರೂ ಕೇಳದ ಪ್ರಶ್ನೆ ಅದು. ನಾನು ಸೆರಗು ಸಿಕ್ಕಿಸಿಕೊಂಡು ಆ ಕೋಲನ್ನು ಕೈಗೆ ತಗೊಂಡು, ಚೆಂಡನ್ನು ಖಾಲಿ ಜಾಗಕ್ಕೆ ತಳ್ಳಿ ಒಂದು ರನ್ನಿಗೆ ಹೇಗೆ ಓಡಬೇಕೆಂದು ತೋರಿಸಿದೆ.