ಆ್ಯಪ್ ಬೇಡ, ವಿಜೆಟ್ ಸಾಕು. ಆದರೆ ಯಾವ ಪುಟದಲ್ಲಿ?

2015ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಂತ್ರಾ ತನ್ನ ವೆಬ್‌ಸೈಟ್ ಮುಚ್ಚಿ, ಬಟ್ಟೆ ಕೊಳ್ಳುವವರೆಲ್ಲ ಆ್ಯಪ್‌ಗೇ ಬರಬೇಕೆಂದಿತು. ಮರುವರ್ಷ ಫೆಬ್ರುವರಿಗೆ ಮೊಬೈಲ್ ತಾಣ, ಜೂನ್‌ಗೆ ಡೆಸ್ಕ್‌ಟಾಪ್ ತಾಣ ಎರಡೂ ಮರಳಿ ಬಂದವು. ದೇಶವಿಡೀ ಹೆಸರಿದ್ದ ಕಂಪನಿಗೇ ಜನರನ್ನು ಆ್ಯಪ್ ಒಂದರೊಳಗೆ ಹಿಡಿದಿಡಲಾಗಲಿಲ್ಲ. ಹಾಗಿದ್ದೂ ದಂತವೈದ್ಯರಿಗೊಂದು, ಕಲ್ಯಾಣ ಮಂಟಪಕ್ಕೊಂದು ಎಂದು ಆ್ಯಪ್ ಮಾಡಿಕೊಡುವ ವ್ಯವಹಾರ ಬಹುಕಾಲ ನಡೆಯಿತು. ವರ್ಷಕ್ಕೊಮ್ಮೆ ಹಲ್ಲು ತೋರಿಸುವವರು ಅದಕ್ಕಾಗಿ ಫೋನಿನಲ್ಲಿ ಜಾಗ ಕೊಡುವುದಿಲ್ಲ. ಅದರ ಬದಲು ವ್ಯಾಪಾರಿಯ ವೆಬ್‌ಸೈಟಿನಲ್ಲೇ ಕೂರುವ ಬುಕಿಂಗ್ ಅಥವಾ ಚಾಟ್ ವಿಜೆಟ್ ಕೊಡುವುದು ಸರಿಯಾದ ದಾರಿ ಎಂದೇ ನನ್ನ ತೀರ್ಮಾನ.

ಖರ್ಚು ನೋಡಿದರೂ ಅಷ್ಟೇ. ಆ್ಯಪ್ ಸ್ಟೋರ್‌ನಲ್ಲಿ ಉಳಿಯಲು ಆಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಗೂಗಲ್ ಪ್ಲೇ ಹೊಸ ಆಂಡ್ರಾಯ್ಡ್‌ಗೆ ತಕ್ಕಂತೆ ಆ್ಯಪ್ ಪರಿಷ್ಕರಿಸಿ ಎಂದು ಪ್ರತಿವರ್ಷ ಕೇಳುತ್ತದೆ. ವಿಜೆಟ್‌ಗೆ ಎರಡು ಸಾಲು ಕೋಡ್ ಅಂಟಿಸಿದರೆ ಮುಗಿಯಿತು. ತಯಾರಕರು ತಮ್ಮ ಸರ್ವರ್‌ನಲ್ಲಿ ಒಮ್ಮೆ ತಿದ್ದಿದರೆ ಎಲ್ಲ ವ್ಯಾಪಾರಿಗಳ ತಾಣದಲ್ಲೂ ಅದು ಬದಲಾಗುತ್ತದೆ.

ಅಪಾಯ ಇರುವುದೂ ಇಲ್ಲೇ. ಬ್ರಿಟನ್ನಿನ ಟಿಕೆಟ್‌ಮಾಸ್ಟರ್ ತನ್ನ ಹಣ ಪಾವತಿಯ ಪುಟದಲ್ಲಿ ಬೇರೊಂದು ಕಂಪನಿಯ ಚಾಟ್ ವಿಜೆಟ್ ಇಟ್ಟಿತ್ತು. 2018ರಲ್ಲಿ ಕಳ್ಳರು ಆ ಚಾಟ್ ಕಂಪನಿಯ ಸರ್ವರ್‌ಗೆ ನುಗ್ಗಿ ಸ್ಕ್ರಿಪ್ಟ್ ತಿರುಚಿದರು. ಗಿರಾಕಿಗಳು ಟೈಪಿಸಿದ ಕಾರ್ಡ್ ವಿವರ ಕಳ್ಳರ ಕೈಸೇರಿತು. ಯುರೋಪಿನ ಸುಮಾರು 94 ಲಕ್ಷ ಜನರ ಮಾಹಿತಿ ಅಪಾಯಕ್ಕೆ ಸಿಲುಕಿತ್ತು. 2020ರಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 12.5 ಲಕ್ಷ ಪೌಂಡ್ ದಂಡ ಹಾಕಿದ್ದು ಟಿಕೆಟ್‌ಮಾಸ್ಟರ್‌ಗೆ. ವಿಜೆಟ್ ಹೊರಗಿನದು ಎಂಬ ವಾದವನ್ನು ಕಚೇರಿ ಒಪ್ಪಲಿಲ್ಲ.

ಆದ್ದರಿಂದ ವಿಜೆಟ್ ಕೊಳ್ಳುವವರು ಮೊದಲು ಕೇಳಬೇಕಾದದ್ದು ಅದರ ಬಣ್ಣ, ಆಕಾರವನ್ನಲ್ಲ. ಅದು ಐಫ್ರೇಮ್‌ನಲ್ಲಿ, ಅಂದರೆ ಪುಟದೊಳಗೆ ಬೇರೊಂದು ಪುಟ ತೋರಿಸುವ ಚೌಕಟ್ಟಿನಲ್ಲಿ ಬರುತ್ತದೆಯೋ, ನೇರ ಸ್ಕ್ರಿಪ್ಟ್ ಆಗಿ ಬರುತ್ತದೆಯೋ ಎಂಬುದನ್ನು. ಬೇರೆ ಡೊಮೇನಿನ ಐಫ್ರೇಮ್ ಹೊರಬಾಗಿಲಿರುವ ಬಾಡಿಗೆ ಕೋಣೆಯಂತೆ, ಒಳಗಿದ್ದವರು ನಮ್ಮ ನಡುಮನೆಗೆ ಬರಲಾರರು. ನೇರ ಸ್ಕ್ರಿಪ್ಟ್ ಮಾತ್ರ ಪುಟದಲ್ಲಿರುವ ಎಲ್ಲವನ್ನೂ ಓದಬಲ್ಲದು, ಬದಲಿಸಬಲ್ಲದು. ಐಫ್ರೇಮ್‌ಗೂ ತೊಡಕುಗಳಿವೆ: 2020ರಿಂದ ಸಫಾರಿ ಮೂರನೆಯವರ ಕುಕಿಗಳನ್ನು ಪೂರ್ತಿ ತಡೆಯುವುದರಿಂದ ಅದರೊಳಗಿನ ಲಾಗಿನ್ ಕೈಕೊಡಬಹುದು, ಎತ್ತರ ಹೊಂದದೆ ಫಾರ್ಮ್ ಅರ್ಧಕ್ಕೆ ಕತ್ತರಿಸಿಹೋಗಬಹುದು. ಆದರೂ ನನ್ನ ಒಲವು ಐಫ್ರೇಮ್ ಕಡೆಗೇ. ಪಾವತಿಯ ಪುಟಕ್ಕಂತೂ ಚಾಟ್ ವಿಜೆಟ್ ಬರಲೇಕೂಡದು.

ಹಾಗೆಂದು ವಿಜೆಟ್ ಎಲ್ಲರಿಗೂ ಒಗ್ಗದು: ನೆಟ್‌ವರ್ಕ್ ಸಿಗದ ಹಳ್ಳಿಗಳಲ್ಲಿ ಸರಕು ತಲುಪಿಸುವವರಿಗೆ, ದಿನವಿಡೀ ಲೊಕೇಶನ್ ಕಳಿಸಬೇಕಾದ ಚಾಲಕರಿಗೆ ಈಗಲೂ ಆ್ಯಪ್ಪೇ ಬೇಕು. ಅಲ್ಲಿ ವಿಜೆಟ್ ಮಾರುವುದು ತಪ್ಪು.

ನಮ್ಮಲ್ಲಿ ಇನ್ನೊಂದು ಕೊರತೆ ನನ್ನನ್ನು ಕಾಡುತ್ತದೆ. ಕ್ಲಿನಿಕ್ಕಿನ ತಾಣ ಚೆಂದದ ಕನ್ನಡದಲ್ಲಿರುತ್ತದೆ. ವಿಜೆಟ್ ತೆರೆದರೆ ಗುಂಡಿಯಿಂದ ಒಪ್ಪಿಗೆಯ ಸಾಲಿನವರೆಗೆ ಎಲ್ಲವೂ ಇಂಗ್ಲಿಷ್. ಹೆಸರು, ಫೋನ್ ನಂಬರ್, ಕಾಯಿಲೆ ಕೇಳುವ ಜಾಗ ಅದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಕೊಡಬೇಕೆನ್ನುತ್ತದೆ. ಕ್ಲಿನಿಕ್ಕಿನಂಥ ಸಂಸ್ಥೆಯ ಪರವಾಗಿ ಬೇರೆಯವರು ಮಾಹಿತಿ ಸಂಸ್ಕರಿಸಿದರೂ ಹೊಣೆಯನ್ನು ಆ ಸಂಸ್ಥೆಯ ಮೇಲೇ ಹೊರಿಸುತ್ತದೆ. ಕನ್ನಡದ ಒಪ್ಪಿಗೆಪತ್ರವಿಲ್ಲದ, ಮಾಹಿತಿ ಯಾವ ಸರ್ವರ್‌ಗೆ ಹೋಗುತ್ತದೆಂದು ಬರವಣಿಗೆಯಲ್ಲಿ ತಿಳಿಸದ ವಿಜೆಟ್ ಅರ್ಧ ಬೆಲೆಗೆ ಸಿಕ್ಕರೂ ಕ್ಲಿನಿಕ್ಕಿನವರು ಅದನ್ನು ಹಿಂದಕ್ಕೆ ಕಳಿಸಬೇಕು.