ಮಳೆಗಾಳಿಯ ಊರು, ಕಾವಲಿನ ಊರು

ಬೋಟ್ಸ್ವಾನಾಕ್ಕೆ ಸಫಾರಿ ಹೋಗಿಬಂದ ಗೆಳೆಯನೊಬ್ಬ ಅಲ್ಲಿಂದ ತಂದ ಬಣ್ಣದ ಪುಸ್ತಿಕೆಯೊಂದನ್ನು ನನ್ನ ಕೈಗಿಟ್ಟ. ಪುಟ ತುಂಬ ಆನೆ, ಸಿಂಹ, ಒಕವಾಂಗೊ ನದಿಯ ನೀರು. ಕೊನೆಯ ಎರಡು ಪುಟಕ್ಕೆ ‘ಜನ ಮತ್ತು ಸಂಸ್ಕೃತಿ’ ಎಂಬ ತಲೆಬರಹ. ಬುಟ್ಟಿ ಹೆಣೆಯುವ ಹೆಂಗಸು, ಬೆಂಕಿಯ ಸುತ್ತ ಕುಣಿಯುವ ಸಾನ್ ಜನ. ಎಲ್ಲರೂ ನಗುತ್ತಿದ್ದಾರೆ, ಒಬ್ಬರೂ ಮಾತಾಡುವುದಿಲ್ಲ.

ಅದೇ ದೇಶದ ಬಗ್ಗೆ ಬೆಸ್ಸಿ ಹೆಡ್ ಬರೆದ ‘ಸೆರೋವೆ: ವಿಲೇಜ್ ಆಫ್ ದಿ ರೇನ್ ವಿಂಡ್’ (1981) ನನ್ನ ಕಪಾಟಿನಲ್ಲಿ ಓದದೆ ಬಿದ್ದಿತ್ತು. ಪುಸ್ತಿಕೆಯ ಮೇಲಿನ ಸಿಟ್ಟಿಗೆ ಅದನ್ನು ತೆಗೆದೆ. ಮಳೆಗಾಳಿಯ ಊರು ಎಂಬ ಹೆಸರೇ ಕಡೂರಿನವನಾದ ನನ್ನನ್ನು ಹಿಡಿದು ನಿಲ್ಲಿಸಿತು. ಬಾಬಾಬುಡನ್‌ಗಿರಿಯ ಆಚೆ ಮಳೆ ಸುರಿದು ಮುಗಿದ ಮೇಲೆ ನಮ್ಮ ಪಾಲಿಗೆ ಬರುವುದು ಗಾಳಿಯಷ್ಟೇ. ಬೋಟ್ಸ್ವಾನಾದವರು ತಮ್ಮ ನಾಣ್ಯಕ್ಕೆ ‘ಪುಲಾ’, ಅಂದರೆ ಮಳೆ, ಎಂದು ಹೆಸರಿಟ್ಟಿದ್ದಾರೆ. ಇದರ ಅರ್ಥವನ್ನು ನಮ್ಮ ಕಡೆಯ ರೈತರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಬೆಸ್ಸಿ ಹೆಡ್ ಆ ಊರಿನವರಲ್ಲ. ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ, 1937ರಲ್ಲಿ. 1964ರಲ್ಲಿ ಚಿಕ್ಕ ಮಗನನ್ನು ಕರೆದುಕೊಂಡು ಸೆರೋವೆಗೆ ಶಿಕ್ಷಕಿಯಾಗಿ ಬಂದರು. ಪೌರತ್ವ ಸಿಗಲು ಹದಿನೈದು ವರ್ಷ ಹಿಡಿಯಿತು. ಹೀಗೆ ಹೊರಗಿನವರಾದ ಆಕೆ ಊರಿನ ಸುಮಾರು ನೂರು ಜನರ ಎದುರು ಕೂತು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಪುಸ್ತಕವಾಗಿಸಿದರು. ಬುಟ್ಟಿ ಹೆಣೆಯುವವರು ಇಲ್ಲಿಯೂ ಇದ್ದಾರೆ, ಆದರೆ ಇಲ್ಲಿ ಅವರಿಗೆ ಬಾಯಿ ಇದೆ.

ತಕರಾರು ಇಲ್ಲವೆಂದಲ್ಲ. ಊರಿನ ಕಥೆಯನ್ನು ಆಕೆ ಖಾಮ, ತ್ಶೆಕೆಡಿ ಖಾಮ, ಪ್ಯಾಟ್ರಿಕ್ ವಾನ್ ರೆನ್ಸ್‌ಬರ್ಗ್ ಎಂಬ ಮೂವರು ದೊಡ್ಡವರ ಹೆಸರಿನಡಿ ಮೂರು ಭಾಗ ಮಾಡಿದ್ದಾರೆ. ದೊರೆ ಖಾಮನ ಸುಧಾರಣೆಗಳ ಬಗ್ಗೆ ಆಕೆಗಿರುವ ಮೆಚ್ಚುಗೆ ಕೆಲವೊಮ್ಮೆ ಅತಿಯಾಯಿತು ಅನ್ನಿಸುತ್ತದೆ. ಮೂರು ಕಂಬ ನೆಟ್ಟು ಊರನ್ನೆಲ್ಲ ಅದಕ್ಕೆ ಕಟ್ಟಿದ ಹಾಗೆ. ಪುಣ್ಯಕ್ಕೆ ಮಾತಾಡುವವರು ಆ ಕಟ್ಟಿಗೆ ನಿಲ್ಲುವುದಿಲ್ಲ.

ಓದುತ್ತ ನನಗೆ ನೆನಪಾದದ್ದು ಅಜ್ಜಂಪುರ ಸೀತಾರಾಮ್, ಅಂದರೆ ನಮ್ಮ ‘ಆನಂದ’. ಅವರ ‘ನಾನು ಕೊಂದ ಹುಡುಗಿ’ಯನ್ನು ಪಠ್ಯದಲ್ಲಿ ಓದಿದವರು ಅದನ್ನು ಬಸವಿ ಪದ್ಧತಿಯ ವಿರುದ್ಧದ ಕಥೆ ಎಂದೇ ಬರೆದು ಅಂಕ ಪಡೆದಿರುತ್ತಾರೆ, ನಾನೂ ಸೇರಿದಂತೆ. ಈಗ ನನಗದು ಪ್ರವಾಸಿಯ ಕಥೆಯಾಗಿ ಕಾಣುತ್ತದೆ. ಊರೂರು ತಿರುಗುವ ವಿದ್ಯಾವಂತನೊಬ್ಬ ಹಳ್ಳಿಯ ಮನೆಯಲ್ಲಿ ಅತಿಥಿಯಾಗಿ ಉಳಿಯುತ್ತಾನೆ. ಬಸವಿ ಬಿಟ್ಟ ಆ ಮನೆಯ ಮಗಳಿಗೆ ಬುದ್ಧಿ ಹೇಳುತ್ತಾನೆ. ಆಕೆ ಪ್ರಾಣ ಕಳೆದುಕೊಳ್ಳುತ್ತಾಳೆ. ಅವನು ಹೇಳಿದ್ದೇನೂ ಸುಳ್ಳಲ್ಲ, ಕೇಳಿಸಿಕೊಂಡದ್ದು ಮಾತ್ರ ಸಾಲದು. ಆದರೂ ‘ನಾನು ಕೊಂದ’ ಎಂದು ಒಪ್ಪಿಕೊಳ್ಳುವಷ್ಟು ನಿಯತ್ತು ಆ ನಿರೂಪಕನಿಗಿದೆ.

ನಮ್ಮ ಸೀಮೆಯೂ ಈಗ ಸಫಾರಿ ಸೀಮೆಯೇ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಿಂದ ಜೀಪು ಹೊರಡುತ್ತದೆ, ಭದ್ರಾ ಹಿನ್ನೀರಿನಲ್ಲಿ ದೋಣಿ ಓಡುತ್ತದೆ. ಕಡೂರಿನ ಬಾಸೂರು ಕಾವಲಿಗೆ ಕ್ಯಾಮೆರಾದವರು ಕೃಷ್ಣಮೃಗ ಹುಡುಕಿಕೊಂಡು ಬರುತ್ತಾರೆ. ಅದು ಮೊದಲಿನಿಂದಲೂ ಅಮೃತಮಹಲ್ ದನಗಳ ಕಾವಲು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಆ ತಳಿಯ ಸಂವರ್ಧನಾ ಕೇಂದ್ರ ಇವತ್ತಿಗೂ ಅಜ್ಜಂಪುರದಲ್ಲಿದೆ. ತಲೆಮಾರುಗಳಿಂದ ಆ ಅರೆಕಾಡು ದನಗಳ ಹಿಂದೆ ನಡೆದವರ ಮಾತನ್ನು ಸೆರೋವೆಯ ಹಾಗೆ ಕೂಡಿಸಿದ ಕನ್ನಡ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ.

ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ ನಾಲ್ಕುನೂರಕ್ಕೂ ಹೆಚ್ಚು ಕುಟುಂಬಗಳು 2002ರ ಹೊತ್ತಿಗೆ ಕಾಡು ಬಿಟ್ಟು ಹೊರಬಂದವು. ಬಹಳಷ್ಟು ಜನ ನೆಲೆಸಿದ್ದು ತರೀಕೆರೆ ತಾಲ್ಲೂಕಿನ ಎಂ.ಸಿ.ಹಳ್ಳಿಯಲ್ಲಿ. ಅದೇ 2002ರಲ್ಲಿ ಬೋಟ್ಸ್ವಾನಾ ಸರ್ಕಾರ ಮಧ್ಯ ಕಲಹರಿಯ ಮೀಸಲು ಕಾಡಿನಿಂದ ಸಾನ್ ಜನರನ್ನು ಹೊರಗೆ ಕಳಿಸಿತು. ಅವರು ಕೋರ್ಟಿಗೆ ಹೋಗಿ 2006ರಲ್ಲಿ ಗೆದ್ದರು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಇಲ್ಲಿ ಜಮೀನು ಕೊಟ್ಟರು, ಮನೆಗೆ ಜಾಗ ಕೊಟ್ಟರು, ಭದ್ರಾ ಒಳ್ಳೆಯ ಮಾದರಿ ಎಂದು ಹೆಸರಾಯಿತು. ಆ ಹೆಸರು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದು ವರದಿ ಬರೆದವರ ಮಾತು.

ಪುಸ್ತಕ ಮುಗಿಸಿದ ವಾರ ಎಂ.ಸಿ.ಹಳ್ಳಿಗೆ ಹೋಗಿದ್ದೆ. ಜಗುಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿಯೊಬ್ಬರನ್ನು, ಬುದ್ಧಿವಂತನ ಹಾಗೆ, “ಇಲ್ಲಿ ಚೆನ್ನಾಗಿದೆಯಾ, ಅಲ್ಲಿ ಚೆನ್ನಾಗಿತ್ತಾ ಅಜ್ಜಿ?” ಎಂದು ಕೇಳಿದೆ.

“ಆಸ್ಪತ್ರೆ ಹತ್ರ ಐತೆ, ಬಸ್ ಐತೆ. ಮತ್ತೆ ಅಲ್ಲಿಗೆ ಹೋಗು ಅಂದ್ರೆ ನಾನಂತೂ ಹೋಗಲ್ಲಪ್ಪ,” ಎಂದರು.

ನಾನು ಎದ್ದು ಹೊರಡುವವನಿದ್ದೆ. ಆಗ ಅವರು, ಯಾರೂ ಕೇಳದೆಯೇ, ಕಾಡಿನೊಳಗೆ ಬಿಟ್ಟುಬಂದ ತಮ್ಮ ಗದ್ದೆಗಳ ಹೆಸರನ್ನು ಒಂದೊಂದಾಗಿ ಹೇಳತೊಡಗಿದರು. ಆರು ಬರೆದುಕೊಳ್ಳುವಷ್ಟರಲ್ಲಿ ಮೊಮ್ಮಗಳು ಊಟಕ್ಕೆ ಕರೆದಳು. ಉಳಿದವನ್ನು ಬರೆದುಕೊಳ್ಳಲು ಈ ಭಾನುವಾರ ಮತ್ತೆ ಹೋಗುತ್ತಿದ್ದೇನೆ.