ತುರುವನೂರು: ಒಂದು ಪದಸಿದ್ಧಿ ವಿಚಾರ

ಚಿತ್ರದುರ್ಗ ತಾಲ್ಲೂಕಿನ ತುರುವನೂರು 1939ರ ಅರಣ್ಯ ಸತ್ಯಾಗ್ರಹದಿಂದ ನಾಡಿಗೆ ಪರಿಚಿತವಾದ ಗ್ರಾಮ. ಅದರ ಹೆಸರಿಗೆ ‘ತುರುಗಳ ಊರು’ ಎಂದು ಅರ್ಥ ಹೇಳಿ ಮುಗಿಸುವುದು ಸುಲಭ. ಆದರೆ ಪ್ರಕೃತಿಯನ್ನು ತೋರಿಸಿದ ಮಾತ್ರಕ್ಕೆ ಪದಸಿದ್ಧಿಯಾಗದು; ನಡುವಣ ‘ವನ’ ಎಂಬುದಕ್ಕೂ ಲಕ್ಷಣವನ್ನು ಹೇಳಬೇಕು.

ಮೊದಲು ಪ್ರಕೃತಿಯ ವಿಚಾರ. ಹಳಗನ್ನಡದಲ್ಲಿ ಗೋವಾಚಕವಾದ ಶಬ್ದವು ಶಕಟರೇಫಯುಕ್ತವಾದ ‘ತುಱು’. ‘ತುಱುಗೋಳ್’ ಎಂಬುದು ವೀರಗಲ್ಲುಗಳಿಂದ ಪ್ರಸಿದ್ಧವಾದ ಮಾತು. ತಮಿಳಿನಲ್ಲಿ ಇದರ ಜ್ಞಾತಿಶಬ್ದ ‘ತೊಱು’. ತಮಿಳಿನ ‘ಪೊಡಿ’ಗೆ ಕನ್ನಡದಲ್ಲಿ ‘ಪುಡಿ’ ಇರುವಂತೆ, ಮುಂದಿನ ಇಕಾರ ಉಕಾರಗಳ ಬಲದಿಂದ ಮೊದಲ ಒಕಾರವು ಇಲ್ಲಿ ಉಕಾರವಾಗಿದೆ. ಶಕಟರೇಫವನ್ನು ಕೇಶಿರಾಜನು ದೇಶೀಯ ವರ್ಣಗಳಲ್ಲಿ ಎಣಿಸಿದ್ದಾನೆ. ಆದಕಾರಣ ‘ತುರಗ’ ಮುಂತಾದ ಸಂಸ್ಕೃತ ಶಬ್ದಗಳಿಂದ ಇದನ್ನು ಸಾಧಿಸುವುದು ಸಾಧುವಲ್ಲ.

ಇನ್ನು ವಿಭಕ್ತಿ. ‘ಊರ್’ ಮುಂತಾದ ವ್ಯಂಜನಾಂತಗಳು ಹೊಸಗನ್ನಡದಲ್ಲಿ ಉಕಾರವನ್ನು ಪಡೆದರೂ ಸ್ವರವು ಪರವಾದಾಗ ಅದನ್ನು ಕಳೆದುಕೊಳ್ಳುತ್ತವೆ: ಊರಿನ, ಊರಲ್ಲಿ. ‘ತುಱು’ವಾದರೋ ಸಹಜ ಉಕಾರಾಂತ. ಅಲ್ಲಿ ಲೋಪವಿಲ್ಲ, ವಕಾರಾಗಮವುಂಟು: ತುಱುವಂ, ತುಱುವಿಂ, ತುಱುವಿನ. ಹೀಗಿರಲು ಊರಿನ ಹೆಸರು ‘ತುರುವಿನೂರು’ ಎಂದಾಗಬೇಕಿತ್ತು. ‘ತುರುವನ’ ಎಂಬುದು ‘ರಾಮನ’ ಎಂಬಂತೆ ಅಕಾರಾಂತ ಪುಲ್ಲಿಂಗದ ರೂಪ.

ಹಾಗಾದರೆ ಗೋಪಾಲಕವಾಚಿಯಾದ ‘ತುಱುವ’ ಎಂಬ ಶಬ್ದವನ್ನು ಒಪ್ಪೋಣವೇ? ತಮಿಳಿನಲ್ಲಿ ‘ತೊಱುವನ್’ ಉಂಟು, ನಿಜ. ಆದರೆ ಕನ್ನಡದಲ್ಲಿ ಆ ಅರ್ಥಕ್ಕೆ ರೂಢಿಯಾದವು ತುರುಗಾರ, ತುರುಗಾಹಿ ಎಂಬ ಶಬ್ದಗಳು; 12ನೆಯ ಶತಮಾನದ ವಚನಕಾರನೊಬ್ಬನು ತುರುಗಾಹಿ ರಾಮಣ್ಣನೆಂದೇ ಖ್ಯಾತನಾಗಿದ್ದಾನೆ. ಊರಿನ ಒಂದು ಹೆಸರಿಗಾಗಿ ಹೊಸ ಶಬ್ದವನ್ನು ಹುಟ್ಟಿಸುವುದು ಕಲ್ಪನಾಗೌರವ. ಆಡುಮಾತಿನಲ್ಲಿ ‘ಮಾವಿನ ಹಣ್ಣು’ ‘ಮಾವ್ನಣ್ಣು’ ಆಗುವುದನ್ನು ಎಲ್ಲರೂ ಬಲ್ಲರು. ಹಾಗೆಯೇ ‘ತುರುವಿನೂರು’ ಜನರ ಬಾಯಲ್ಲಿ ‘ತುರುವ್ನೂರು’ ಆಗಿ, ಬರೆಯುವವರು ಲುಪ್ತಸ್ವರದ ಎಡೆಯಲ್ಲಿ ಇಕಾರಕ್ಕೆ ಬದಲಾಗಿ ಅಕಾರವನ್ನು ತುಂಬಿರಬೇಕು. ಈ ಪಕ್ಷದಲ್ಲಿ ಲಾಘವವಿದೆ.

ಇದು ಬರಿಯ ಅಕ್ಷರಕಲಹವಲ್ಲ. ‘ತುರುವನ’ ಎಂದು ಬಿಡಿಸಿದರೆ ಊರು ಒಬ್ಬನದಾಗುತ್ತದೆ. ‘ತುರುವಿನ’ ಎಂದರೆ ಗೋಸಂಪತ್ತಿನದಾಗುತ್ತದೆ. ಅಮೃತಮಹಲ್ ಕಾವಲುಗಳಿಗೆ ಹೆಸರಾದ ಈ ಸೀಮೆಗೆ ಎರಡನೆಯದೇ ಒಪ್ಪುತ್ತದೆ. ಆದರೂ ಔಚಿತ್ಯವು ಪ್ರಮಾಣವಲ್ಲ. ಪ್ರಾಚೀನ ಶಾಸನವೊಂದರಲ್ಲಿ ‘ತುಱುವನ’ ಎಂಬ ಪಾಠವೇ ಸ್ಪಷ್ಟವಾಗಿ ದೊರೆತಲ್ಲಿ ಲಾಘವವು ಪ್ರಯೋಗಕ್ಕೆ ತಲೆಬಾಗತಕ್ಕದ್ದು. ಶಾಸನಗಳನ್ನೂ ಕಾವ್ಯಗಳನ್ನೂ ಮುದ್ರಿಸುವವರು ಱಕಾರವನ್ನು ರಕಾರವಾಗಿ ತಿದ್ದದಿರುವುದು ಈ ಕಾರಣಕ್ಕಾಗಿಯೇ ಅವಶ್ಯಕ. ಆ ಒಂದು ಅಕ್ಷರವು ಅಳಿದಲ್ಲಿ ಶಬ್ದದ ಕುಲವೇ ಮರೆಯಾಗುತ್ತದೆ.